ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಛಾವಣಿಯ ಜೀರ್ಣೋದ್ಧಾರ

೧

ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ದತ್ತಿಯಾಗಿ ಬಿಡುವಾಗ, ಪೂಜೆಗೂ ಆಹಾರದಾನಕ್ಕೂ ಎಂದು ಹೇಳುವುದರ ಜೊತೆಗೆ, ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕೆ ಎಂದು ಶಾಸನಕಾರರು ಸೇರಿಸುವುದುಂಟು. ಈ ಮಾತಿನಲ್ಲಿ ಎರಡು ಅಭಿಪ್ರಾಯಗಳು ಅಡಕವಾಗಿವೆ. ಕಟ್ಟಿದುದೆಲ್ಲವೂ ಒಂದು ದಿನ ಜೀರ್ಣವಾಗುವುದೆಂಬುದು ಮೊದಲನೆಯದು. ಜೀರ್ಣವಾದುದನ್ನು ಉದ್ಧರಿಸುವುದಕ್ಕೆ ಭಕ್ತಿಯೊಂದೇ ಸಾಲದು, ಬತ್ತದ ಉತ್ಪತ್ತಿಯೂ ಬೇಕೆಂಬುದು ಎರಡನೆಯದು.

ದೇವಾಲಯವೂ ಅಲ್ಲದ, ಕಲ್ಲಿನದೂ ಅಲ್ಲದ, ಇನ್ನೂ ಎರಡು ಶತಮಾನಗಳು ತುಂಬದ ಒಂದು ಛಾವಣಿಯ ವಿಷಯದಲ್ಲಿ ಈ ಎರಡು ಅಭಿಪ್ರಾಯಗಳು ಹೇಗೆ ಅನ್ವಯಿಸಿದವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಅದು ಲಂಡನ್ ನಗರದ ಸೇಂಟ್ ಪ್ಯಾಂಕ್ರಾಸ್ ರೈಲ್ವೆ ನಿಲ್ದಾಣದ ಕಬ್ಬಿಣ ಗಾಜುಗಳ ಛಾವಣಿ. ಕನ್ನಡದ ವಿದ್ವಾಂಸರಿಗೆ ಈ ಸ್ಥಳವು ತೀರ ದೂರದ್ದೇನೂ ಅಲ್ಲ. ಎಲ್. ಡಿ. ಬಾರ್ನೆಟ್ ಪಂಡಿತರು ೧೯೧೦ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ ಮತ್ತು ಕೊಡಗು ಪುಸ್ತಕಗಳಿಗೆ ಒಂದು ಸೂಚಿಯನ್ನು ಸಿದ್ಧಪಡಿಸಿದರಷ್ಟೆ. ಆ ಸಂಗ್ರಹಕ್ಕೆ ಈಗ ಆಶ್ರಯವಾಗಿರುವ ಬ್ರಿಟಿಷ್ ಲೈಬ್ರರಿಯ ಕಟ್ಟಡವು ೧೯೯೮ರಲ್ಲಿ ತೆರೆಯಿತು. ಅದು ಈ ನಿಲ್ದಾಣದ ನೆರೆಯಲ್ಲಿಯೇ, ಹಿಂದೆ ಇದೇ ರೈಲ್ವೆಯವರ ಸರಕುಗಳ ಅಂಗಳವಾಗಿದ್ದ ನೆಲದ ಮೇಲೆ ನಿಂತಿದೆ. ಹಳೆಯ ಕನ್ನಡ ಪುಸ್ತಕವೊಂದನ್ನು ಅರಸಿ ಅಲ್ಲಿಗೆ ಹೋಗುವವರ ಕಣ್ಣಿಗೆ ನಿಲ್ದಾಣದ ಗೋಪುರಗಳು ಬೀಳದೆ ಇರುವುದಿಲ್ಲ.

೨

ಛಾವಣಿಯನ್ನು ತಿಳಿಯುವುದಕ್ಕೆ ಮೊದಲು ಅದರ ನೆಲವನ್ನು ತಿಳಿಯಬೇಕು. ಇದು ವಿಪರೀತವಾಗಿ ತೋರಬಹುದು. ಆದರೆ ಈ ಕಟ್ಟಡದ ಮರ್ಮವೆಲ್ಲ ಇದರಲ್ಲಿಯೇ ಇದೆ.

ಇಂಗ್ಲೆಂಡಿನ ಮಧ್ಯಭಾಗದ ಮಿಡ್‌ಲ್ಯಾಂಡ್ ರೈಲ್ವೆ ಕಂಪೆನಿಯವರು ಲಂಡನ್ನಿನಲ್ಲಿ ತಮ್ಮದೇ ಆದ ಒಂದು ಕೊನೆಯ ನಿಲ್ದಾಣವನ್ನು ಕಟ್ಟಬೇಕೆಂದು ನಿಶ್ಚಯಿಸಿದಾಗ, ಅವರ ದಾರಿಗೆ ಅಡ್ಡಲಾಗಿ ರೀಜೆಂಟ್ ಕಾಲುವೆಯಿದ್ದಿತು. ನೆರೆಯ ಕಿಂಗ್ಸ್ ಕ್ರಾಸ್ ನಿಲ್ದಾಣದ ಕಂಬಿಗಳು ಆ ಕಾಲುವೆಯ ಕೆಳಗೆ ನುಸುಳಿ ಬಂದಿದ್ದುವು. ಮಿಡ್‌ಲ್ಯಾಂಡಿನವರು ಅದರ ಮೇಲೆ ಹಾಯ್ದು ಬಂದರು. ಇದರ ಫಲವಾಗಿ ನಿಲ್ದಾಣದ ಕಟ್ಟೆಯು ಮುಂದಿನ ಬೀದಿಗಿಂತ ಸುಮಾರು ೨೦ ಅಡಿ ಎತ್ತರದಲ್ಲಿ ನಿಲ್ಲಬೇಕಾಯಿತು. ಆ ಎತ್ತರವನ್ನು ಮಣ್ಣಿನಿಂದ ತುಂಬಬೇಕೆಂಬ ಆಲೋಚನೆಯು ಮೊದಲು ಇದ್ದಿತು. ಆಮೇಲೆ ಆ ಸ್ಥಳವನ್ನು ವ್ಯರ್ಥಮಾಡದೆ, ಎರಕದ ಕಬ್ಬಿಣದ ನೂರಾರು ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಬ್ಬಿಣದ ತೊಲೆಗಳನ್ನು ಹಾಯಿಸಿ, ಕೆಳಗೊಂದು ವಿಶಾಲವಾದ ಉಗ್ರಾಣವನ್ನು ಮಾಡಿದರು.

ಆ ಉಗ್ರಾಣದಲ್ಲಿ ಇಡಬೇಕಾಗಿದ್ದ ಮುಖ್ಯವಾದ ಸರಕು ಬರ್ಟನ್ ಎಂಬ ಊರಿನಿಂದ ಬರುವ ಬೀರ್ ಎಂಬ ಪಾನೀಯದ ಪೀಪಾಯಿಗಳು. ನಿಲ್ದಾಣದ ಇಂಜಿನಿಯರರಾದ ವಿಲಿಯಂ ಹೆನ್ರಿ ಬಾರ್ಲೋ ಅವರು ೧೮೭೦ರಲ್ಲಿ ಇಂಜಿನಿಯರುಗಳ ಸಂಸ್ಥೆಯ ಮುಂದೆ ಓದಿದ ಪ್ರಬಂಧದಲ್ಲಿ, ಆ ಅಂತಸ್ತಿನ ಅಳತೆಗಳಿಗೆಲ್ಲ ಪೀಪಾಯಿಯ ಉದ್ದವೇ ಮೂಲಮಾನವಾಯಿತೆಂಬುದನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ. ಪೀಪಾಯಿಗಳು ಒಪ್ಪವಾಗಿ ಕೂಡುವಂತೆ ಕಂಬದಿಂದ ಕಂಬಕ್ಕೆ ೧೪ ಅಡಿ ೮ ಅಂಗುಲಗಳ ಅಂತರವನ್ನು ಇಟ್ಟರು. ಇದರ ಇಮ್ಮಡಿಯಾದ ೨೯ ಅಡಿ ೪ ಅಂಗುಲವೇ ಮೇಲಿನ ಛಾವಣಿಯ ಒಂದು ಕಮಾನಿನಿಂದ ಇನ್ನೊಂದು ಕಮಾನಿಗೆ ಇರುವ ಅಂತರ. ಶಿಲ್ಪಶಾಸ್ತ್ರದಲ್ಲಿ ತಾಲಮಾನವು ಪ್ರತಿಮೆಯ ಎಲ್ಲ ಅಂಗಗಳನ್ನೂ ಆಳುವಂತೆ, ಇಲ್ಲಿ ಒಂದು ಪೀಪಾಯಿಯು ಇಡೀ ಕಟ್ಟಡವನ್ನು ಆಳಿತು.

೩

ನೆಲದ ಕೆಳಗೆ ಉಗ್ರಾಣವಿರುವಾಗ ಛಾವಣಿಗೆ ನಡುನಡುವೆ ಕಂಬಗಳನ್ನು ಕೊಡುವುದು ತೊಡಕಿನ ಕೆಲಸ. ಆ ಕಂಬಗಳ ಭಾರವನ್ನು ಹೊರುವುದಕ್ಕಾಗಿ ಉಗ್ರಾಣದೊಳಗೆ ಬೇರೆಯ ಅಸ್ತಿಭಾರಗಳನ್ನು ಹಾಕಬೇಕು. ಅದರ ಕೆಳಗೆ ಇನ್ನೊಂದು ರೈಲಿನ ಸುರಂಗವೂ ಹೋಗುತ್ತಿದ್ದಿತು. ಆದುದರಿಂದ ಬಾರ್ಲೋ ಅವರು ನಡುವೆ ಒಂದು ಕಂಬವೂ ಇಲ್ಲದಂತೆ ಒಂದೇ ಹರವಿನ ಛಾವಣಿಯನ್ನು ಸಂಕಲ್ಪಿಸಿದರು. ಅದರ ವಿವರಗಳನ್ನು ರೂಪಿಸುವುದರಲ್ಲಿ ರೋಲೆಂಡ್ ಮೇಸನ್ ಆರ್ಡಿಶ್ ಅವರು ನೆರವಾದರು. ಇವರಿಬ್ಬರೂ ೧೮೫೧ರ ಲಂಡನ್ ಪ್ರದರ್ಶನದ ಗಾಜಿನ ಅರಮನೆಯ ಕೆಲಸದಲ್ಲಿ ಪಳಗಿದವರು. ಕಬ್ಬಿಣವನ್ನು ಡಾರ್ಬಿಷೈರಿನ ಬಟರ್ಲಿ ಕಂಪೆನಿಯವರು ಒದಗಿಸಿದರು. ಅವರ ಹೆಸರು ಕಮಾನುಗಳ ಬುಡದಲ್ಲಿ ಇಂದಿಗೂ ಕಾಣುತ್ತದೆ. ನಿಲ್ದಾಣವು ೧೮೬೮ನೆಯ ಇಸವಿಯ ಅಕ್ಟೋಬರ್ ೧ರಂದು ತೆರೆಯಿತು. ಛಾವಣಿಯ ಹರವು ಸುಮಾರು ೨೪೦ ಅಡಿ, ಉದ್ದ ೬೮೯ ಅಡಿ, ಕಟ್ಟೆಯಿಂದ ಶಿಖರಕ್ಕೆ ಎತ್ತರ ಸುಮಾರು ೧೦೦ ಅಡಿ. ಆ ಕಾಲದಲ್ಲಿ ಒಂದೇ ಹರವಿನಿಂದ ಮುಚ್ಚಿದ ಇಷ್ಟು ದೊಡ್ಡ ಛಾವಣಿಯು ಜಗತ್ತಿನಲ್ಲಿ ಬೇರೆ ಇರಲಿಲ್ಲ.

ಕಮಾನಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಾಗಿದ ಬಿದಿರಿನ ಎರಡು ತುದಿಗಳನ್ನು ನೆಲಕ್ಕೆ ಊರಿ ನಡುವೆ ಒತ್ತಿದರೆ ತುದಿಗಳು ಹೊರಕ್ಕೆ ಜಾರುತ್ತವೆ. ಕಮಾನೂ ಹಾಗೆಯೇ ತನ್ನ ಪಾದಗಳನ್ನು ಹೊರಕ್ಕೆ ನೂಕುತ್ತಿರುತ್ತದೆ. ಈ ನೂಕನ್ನು ತಡೆಯುವುದಕ್ಕೆ ದಪ್ಪವಾದ ಗೋಡೆಗಳನ್ನು ಒತ್ತುಕೊಡಬೇಕು, ಇಲ್ಲವೆ ಬಿಲ್ಲಿಗೆ ಹೆದೆಯನ್ನು ಕಟ್ಟಿದಂತೆ ಎರಡು ಪಾದಗಳನ್ನೂ ಒಂದು ಬಂಧದಿಂದ ಬಿಗಿಯಬೇಕು. ಅನೇಕ ನಿಲ್ದಾಣಗಳಲ್ಲಿ ಈ ಬಂಧವು ಕಬ್ಬಿಣದ ಸಲಾಕೆಗಳಾಗಿ ಜನರ ತಲೆಯ ಮೇಲೆ ಅಡ್ಡಲಾಗಿ ಕಾಣುತ್ತದೆ. ಸೇಂಟ್ ಪ್ಯಾಂಕ್ರಾಸಿನಲ್ಲಿ ಎಷ್ಟು ನೋಡಿದರೂ ಅದು ಕಾಣುವುದಿಲ್ಲ. ಉಗ್ರಾಣದ ಮಾಳಿಗೆಯಾಗಿ, ಕಂಬಿಗಳಿಗೂ ಗಾಡಿಗಳಿಗೂ ಆಧಾರವಾಗಿ ಹಾಯ್ದಿರುವ ಆ ತೊಲೆಗಳೇ ಕಮಾನುಗಳ ಹೆದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆನ್ನುತ್ತಾರೆ. ಒಂದೇ ತೊಲೆಯು ಗಾಡಿಯ ಭಾರವನ್ನು ಹೊರುವುದರ ಜೊತೆಗೆ ಛಾವಣಿಯ ನೂಕನ್ನೂ ಹಿಡಿದಿಡುವ ಈ ಏರ್ಪಾಡಿಗೆ ಅದಕ್ಕಿಂತ ಒಪ್ಪುವ ದೃಷ್ಟಾಂತವಿಲ್ಲ.

ಇದರಿಂದ ಇನ್ನೊಂದು ಪ್ರಯೋಜನವೂ ಒದಗಿತು. ಬಿಸಿಲಿಗೆ ಕಬ್ಬಿಣವು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಬಂಧವು ನೆಲದೊಳಗೆ ಅಡಗಿರುವುದರಿಂದ ಅದಕ್ಕೆ ಶಾಖದ ವ್ಯತ್ಯಾಸವು ಅಷ್ಟಾಗಿ ತಟ್ಟುವುದಿಲ್ಲ. ಮೇಲಿನ ಕಮಾನು ಹಿಗ್ಗಿದರೆ ಅದರ ಶಿಖರವು ಸ್ವಲ್ಪ ಮೇಲಕ್ಕೇರುತ್ತದೆ, ಕುಗ್ಗಿದರೆ ಸ್ವಲ್ಪ ಇಳಿಯುತ್ತದೆ, ಗೋಡೆಗಳಿಗೆ ಬಾಧಕವಿಲ್ಲ. ಕಮಾನಿನ ಶಿಖರವು ಪೂರ್ಣವಾಗಿ ದುಂಡಗಿರದೆ ತುಸು ಮೊನೆಗೊಂಡಿರುವುದನ್ನೂ ನೋಡುವವರು ಗಮನಿಸಬಹುದು. ಅದು ಅಂದಕ್ಕೂ ಪಕ್ಕದ ಗಾಳಿಯನ್ನು ತಡೆಯುವುದಕ್ಕೂ ಅನುಕೂಲವೆಂದು ಬಾರ್ಲೋ ಅವರ ಮತ.

ಛಾವಣಿಯ ನಡುಭಾಗಕ್ಕೆ ಗಾಜನ್ನೂ ಇಳಿಜಾರಾದ ಎರಡು ಬದಿಗಳಿಗೆ ಸ್ಲೇಟುಕಲ್ಲನ್ನೂ ಹೊದಿಸಿದ್ದರು. ಗಾಜನ್ನು ಒಂದೇ ಸಮತಲವಾಗಿ ಹಾಸದೆ ಸಾಲುಸಾಲಾದ ಏಣುಗಳೂ ತಗ್ಗುಗಳೂ ಆಗುವಂತೆ ಜೋಡಿಸಿದ್ದರು. ಮಳೆಯ ನೀರು ಏಣಿನಿಂದ ಜಾರಿ ತಗ್ಗಿನ ದೋಣಿಯನ್ನು ಸೇರಿ ಹರಿದುಹೋಗುವುದಕ್ಕೆ ಇದು ಅನುಕೂಲ. ಗಾಜಿನ ಅರಮನೆಯಲ್ಲಿ ಪ್ರಸಿದ್ಧಿಗೆ ಬಂದ ಪದ್ಧತಿಯೇ ಇದು.

೪

ಇಂತಹ ಛಾವಣಿಗೆ ಮೂರು ಶತ್ರುಗಳು ಉಂಟಾದುವು: ಹೊಗೆ, ಯುದ್ಧ, ಅನಾದರ.

ಉಗಿಯಂತ್ರಗಳ ಕಲ್ಲಿದ್ದಲ ಹೊಗೆಯಲ್ಲಿ ಗಂಧಕದ ಅಂಶವಿರುತ್ತದೆ. ಅದು ತೇವದೊಡನೆ ಕೂಡಿ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ; ಮಸಿಯು ಗಾಜಿಗೆ ಮೆತ್ತಿಕೊಂಡು ಬೆಳಕನ್ನು ಕವಿಯುತ್ತದೆ. ಒಂದರ ಮೇಲೊಂದು ಹೊಂದಿಸಿ ಬೆಸೆದ ಕಬ್ಬಿಣದ ಹಲಗೆಗಳ ಸಂದಿಯಲ್ಲಿ ನೀರು ನಿಂತರೆ ಅಲ್ಲಿ ಹುಟ್ಟಿದ ತುಕ್ಕು ಉಬ್ಬಿ ಹಲಗೆಗಳನ್ನೇ ಅಗಲಿಸುತ್ತದೆ. ಆದುದರಿಂದ ಇಂತಹ ಛಾವಣಿಗೆ ಬಣ್ಣವು ಬರಿಯ ಅಲಂಕಾರವಲ್ಲ, ಕವಚ. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಬಿದ್ದು ಗಾಜು ಬಹುವಾಗಿ ನಷ್ಟವಾಯಿತು. ಆಮೇಲೆ ನಡೆದ ದುರಸ್ತಿಯಲ್ಲಿ ಏಣು ತಗ್ಗುಗಳ ಮೊದಲಿನ ರೀತಿಯು ಉಳಿಯಲಿಲ್ಲ.

ಮೂರನೆಯ ಶತ್ರುವೇ ಪ್ರಬಲವಾದುದು. ನಿಲ್ದಾಣದ ಮುಂದೆ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರು ಕಟ್ಟಿದ, ೧೮೭೩ರಲ್ಲಿ ತೆರೆದ ಭವ್ಯವಾದ ಹೋಟೆಲು ೧೯೩೫ರಲ್ಲಿ ಮುಚ್ಚಿಹೋಯಿತು. ಈ ಸ್ಕಾಟ್ ಅವರೇ ಮುಂಬಯಿಗೆ ಎಂದೂ ಬಾರದೆ, ಅಲ್ಲಿನ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೂ ರಾಜಾಬಾಯಿ ಗೋಪುರಕ್ಕೂ ನಕ್ಷೆಗಳನ್ನು ಬರೆದು ಕಳುಹಿಸಿದವರು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳೆಂದರೆ ಹಳಸಿದ ರುಚಿಯವೆಂಬ ಭಾವನೆಯು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬಲವಾಗಿದ್ದಿತು. ಸಮೀಪದ ಯೂಸ್ಟನ್ ನಿಲ್ದಾಣದ ಮುಂದಿದ್ದ ಶಿಲಾದ್ವಾರವನ್ನು, ಪಂಡಿತರೂ ರಸಿಕರೂ ಬೇಡಿಕೊಂಡರೂ ಬಿಡದೆ, ೧೯೬೧-೬೨ರಲ್ಲಿ ಕೆಡವಿದರು. ೧೯೬೬ರ ವೇಳೆಗೆ ಸೇಂಟ್ ಪ್ಯಾಂಕ್ರಾಸಿಗೂ ಅದೇ ಗತಿಯು ಬರುವ ಸೂಚನೆಗಳು ಕಂಡುವು. ಆಗ ಕವಿ ಜಾನ್ ಬೆಟ್ಜಮನ್, ಶಿಲ್ಪೇತಿಹಾಸಜ್ಞ ನಿಕೋಲಾಸ್ ಪೆವ್‌ಸ್ನರ್ ಮೊದಲಾದವರೂ ವಿಕ್ಟೋರಿಯನ್ ಸೊಸೈಟಿಯವರೂ ಅದರ ಪಕ್ಷವನ್ನು ವಹಿಸಿ ವಾದಿಸಿದರು. ೧೯೬೭ರ ನವೆಂಬರಿನಲ್ಲಿ ಸರಕಾರವು ಅದನ್ನು ರಕ್ಷಿಸಬೇಕಾದ ಕಟ್ಟಡಗಳ ಮೊದಲನೆಯ ದರ್ಜೆಗೆ ಸೇರಿಸಿತು.

ಕೆಡವುವುದು ಇದರಿಂದ ತಪ್ಪಿತೇ ಹೊರತು ಜೀರ್ಣೋದ್ಧಾರವೇನೂ ನಡೆಯಲಿಲ್ಲ. ಮೂರು ದಶಕಗಳಿಗೂ ಮಿಕ್ಕಿ ಛಾವಣಿಯು ಮಸಿ ಹಿಡಿದು ನಿಂತಿದ್ದಿತು. ಆಜ್ಞೆಯು ಕಟ್ಟಡವನ್ನು ಬೀಳಿಸದಂತೆ ತಡೆಯಬಲ್ಲದು. ಅದನ್ನು ಬಾಳಿಸಬೇಕಾದರೆ ಬೇರೆಯದೇ ಬೇಕು.

೫

ಆ ಬೇರೆಯದು ಒದಗಿದುದು ಸಮುದ್ರದ ಕೆಳಗಣ ಸುರಂಗದಿಂದ. ೧೯೯೪ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ರೈಲಿನ ಸುರಂಗವು ತೆರೆಯಿತು. ೧೯೯೬ರ ಶಾಸನದಂತೆ, ಆ ಸುರಂಗದಿಂದ ಲಂಡನ್ನಿಗೆ ಹಾಕುವ ಹೊಸ ದಾರಿಯು ಸೇಂಟ್ ಪ್ಯಾಂಕ್ರಾಸಿನಲ್ಲಿ ಮುಗಿಯಬೇಕೆಂದು ಗೊತ್ತಾಯಿತು. ನಿಲ್ದಾಣದ ಕೆಲಸವು ೨೦೦೧ರಲ್ಲಿ ಮೊದಲಾಯಿತು. ೨೦೦೪ರಲ್ಲಿ ಹಳೆಯ ಛಾವಣಿಯ ಕೆಳಗಿನ ಗಾಡಿಗಳನ್ನು ಬೇರೆ ಕಟ್ಟೆಗಳಿಗೆ ಸಾಗಿಸಿದರು. ೨೦೦೭ರ ನವೆಂಬರ್ ೬ರಂದು ಎಲಿಜಬೆತ್ ರಾಣಿಯವರು ನಿಲ್ದಾಣವನ್ನು ಮತ್ತೆ ತೆರೆದರು.

ಈ ಕಾರ್ಯದಲ್ಲಿ ಎದ್ದ ಪ್ರಶ್ನೆಗಳು ಗ್ರಂಥಸಂಪಾದಕರಿಗೆ ಹೊಸವಲ್ಲ. ಮೊದಲನೆಯದು ಪಾಠನಿರ್ಣಯ. ಕಬ್ಬಿಣದ ಮೇಲೆ ಕಾಲಕಾಲಕ್ಕೆ ಬಳಿದ ಬಣ್ಣಗಳು, ಓಲೆಯ ಪ್ರತಿಗಳಲ್ಲಿ ಪಾಠಾಂತರಗಳು ಬೆಳೆಯುವಂತೆ, ಪದರ ಪದರವಾಗಿ ಬೆಳೆದಿದ್ದುವು. ಮೊದಲು ಬಳಿದುದು ಕಂದು ಬಣ್ಣವೆಂದೂ, ಕೆಲವು ವರ್ಷಗಳ ಮೇಲೆ ರೈಲ್ವೆಯ ಮೇಲಧಿಕಾರಿ ಜೇಮ್ಸ್ ಆಲ್‌ಪೋರ್ಟ್ ಅವರ ಸೂಚನೆಯಂತೆ ಆಕಾಶದ ಬಣ್ಣವು ಬಂದಿತೆಂದೂ ಹೇಳುತ್ತಾರೆ. ಜೀರ್ಣೋದ್ಧಾರಕರು ಆರಿಸಿಕೊಂಡುದು ತಿಳಿನೀಲಿಯನ್ನು. ಪ್ರಾಚೀನತಮವಾದ ಪಾಠವೇ ಗ್ರಾಹ್ಯವೆನ್ನುವವರಿಗೆ ಇದು ತಪ್ಪಾಗಿ ಕಾಣಬಹುದು. ಆದರೆ ಪ್ರಾಚೀನತೆಯು ಒಂದು ಪ್ರಮಾಣವೇ ಹೊರತು ಏಕಮಾತ್ರ ಪ್ರಮಾಣವಲ್ಲ. ಕಟ್ಟಿಸಿದವರ ಕಾಲದಲ್ಲಿಯೇ, ಅವರ ಬಳಗದಲ್ಲಿಯೇ ಆದ ತಿದ್ದುಪಡಿಯು ಕವಿಯೇ ತಿದ್ದಿದ ಪಾಠಕ್ಕೆ ಸಮಾನ. ಗಾಜಿನ ನಡುವೆ ಕಬ್ಬಿಣವು ಆಕಾಶದೊಡನೆ ಬೆರೆತು ಹಗುರವಾಗಿ ಕಾಣುವುದೇ ಈ ಛಾವಣಿಯ ಧ್ವನಿ. ನೀಲಿಯಲ್ಲಿ ಅದು ಸ್ಫುಟವಾಗುತ್ತದೆ.

ಗಾಜಿನ ವಿಷಯದಲ್ಲಿ ನಿರ್ಣಯವು ಸುಲಭವಾಗಿದ್ದಿತು. ಯುದ್ಧಾನಂತರದ ಹೊದಿಕೆಯು ಅವಸರದ ಪ್ರಕ್ಷೇಪವೇ ಸರಿ. ಅದನ್ನು ತೆಗೆದು ಏಣು ತಗ್ಗುಗಳ ಮೊದಲಿನ ರೀತಿಯನ್ನೇ ಹೊಸ ಗಾಜಿನಿಂದ ಮತ್ತೆ ಕಟ್ಟಿದರು. ಬದಿಗಳಿಗೆ ವೇಲ್ಸ್ ದೇಶದ ಸ್ಲೇಟುಕಲ್ಲನ್ನು ಹೊದಿಸಿದರು. ಇಲ್ಲಿ ದ್ರವ್ಯವು ಹೊಸದು, ರೀತಿಯು ಹಳೆಯದು. ಕಮಾನುಗಳಲ್ಲಿಯಾದರೋ ದ್ರವ್ಯವೇ ಹಳೆಯದು. ಹೊಸದು ಮೇಲಿನ ಬಣ್ಣ ಮಾತ್ರ.

ಅತ್ಯಂತ ಕಠಿನವಾದ ಪ್ರಶ್ನೆಯು ನೆಲದಲ್ಲಿದ್ದಿತು. ಹೊಸ ನಿಲ್ದಾಣದ ಪ್ರಯಾಣಿಕರು ಕೆಳಗಿನ ಉಗ್ರಾಣದ ಮಾರ್ಗವಾಗಿಯೇ ಬಂದುಹೋಗಬೇಕು. ಬೆಳಕಿಲ್ಲದ ಆ ಸ್ಥಳಕ್ಕೆ ಮೇಲಿನ ಗಾಜಿನ ಬೆಳಕು ಇಳಿಯಬೇಕಾದರೆ ನಡುವಿನ ನೆಲವನ್ನು ಕತ್ತರಿಸಬೇಕು. ಆ ನೆಲವೇ ಕಮಾನುಗಳ ಹೆದೆಯೆಂಬುದನ್ನು ಮರೆತು ಕತ್ತರಿಸಿದ್ದರೆ, ಉಳಿಸಬೇಕೆಂದ ಛಾವಣಿಯು ಉಳಿಸಲು ಹೊರಟವರ ಕೈಯಿಂದಲೇ ಕೆಡುತ್ತಿದ್ದಿತು. ಒಂದು ವಾಕ್ಯದಲ್ಲಿ ಪದಗಳಿಗೆ ಪರಸ್ಪರ ಆಕಾಂಕ್ಷೆಯಿರುವಂತೆ ಇಲ್ಲಿ ಛಾವಣಿಗೆ ನೆಲದ ಆಕಾಂಕ್ಷೆಯಿದೆ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಅರ್ಥವಿಲ್ಲ. ಆದುದರಿಂದ ನೆಲವನ್ನು ಬಲಪಡಿಸಿ, ಕಮಾನಿನ ಪಾದದಿಂದ ಪಾದಕ್ಕೆ ಬಿಗಿತವು ಕಡಿಯದಂತೆ ನೋಡಿಕೊಂಡು, ಗೊತ್ತಾದ ಎಡೆಗಳಲ್ಲಿ ಮಾತ್ರ ಉದ್ದನೆಯ ತೆರಪುಗಳನ್ನು ಮಾಡಿದರು. ಈಗ ಕೆಳಗೆ ನಿಂತವರು ಆ ತೆರಪಿನ ಮೂಲಕ ತಲೆಯೆತ್ತಿದರೆ ನೀಲಿಯ ಕಮಾನುಗಳು ಕಾಣುತ್ತವೆ. ಮೊದಲು ಕಟ್ಟಿದವರ ಕಾಲದಲ್ಲಿ ಈ ನೋಟವು ಇರಲಿಲ್ಲ.

ನಾಲ್ಕನೆಯದು ಉದ್ದದ ಪ್ರಶ್ನೆ. ಖಂಡಾಂತರದ ಗಾಡಿಗಳ ಉದ್ದ ಸುಮಾರು ೧೩೦೦ ಅಡಿ. ಬಾರ್ಲೋ ಅವರ ಛಾವಣಿಯು ಅದರ ಅರ್ಧದಷ್ಟು. ಹಳೆಯ ಕಮಾನುಗಳನ್ನೇ ಅನುಕರಿಸಿ ಮುಂದಕ್ಕೆ ಬೆಳೆಸಬಹುದಾಗಿದ್ದಿತು. ಹಾಗೆ ಮಾಡದೆ, ನಾರ್ಮನ್ ಫಾಸ್ಟರ್ ಅವರ ಕಲ್ಪನೆಯಂತೆ, ತೆಳ್ಳಗಿನ ಕಂಬಗಳ ಮೇಲೆ ಸಮತಲವಾದ ಬೇರೊಂದು ಛಾವಣಿಯನ್ನು ನಿಲ್ಲಿಸಿದರು. ಹಳೆಯದಕ್ಕೂ ಹೊಸದಕ್ಕೂ ನಡುವೆ ಗಾಜಿನ ಒಂದು ಅಂತರವಿದೆ. ಲುಪ್ತವಾದ ಅಕ್ಷರಗಳನ್ನು ಸಂಪಾದಕನು ತಾನು ತುಂಬಿದಾಗ ಕಂಸದೊಳಗೆ ಬರೆಯುತ್ತಾನೆ. ಈ ಅಂತರವೂ ಅಂತಹ ಕಂಸವೇ.

೬

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಗಾಜು ಹೊಸದು, ನೆಲದಲ್ಲಿ ಹೊಸ ತೆರಪುಗಳು, ಉಗಿಬಂಡಿಯಿದ್ದೆಡೆಯಲ್ಲಿ ವಿದ್ಯುತ್ತಿನ ಗಾಡಿ, ಪೀಪಾಯಿಗಳಿದ್ದೆಡೆಯಲ್ಲಿ ಅಂಗಡಿಗಳು. ಇದು ಹಳೆಯ ನಿಲ್ದಾಣವೇ ಎಂದು ಹೇಗೆ ಹೇಳುವುದು? ಈ ಆಕ್ಷೇಪಕ್ಕೆ ಇಂಗ್ಲೆಂಡಿನಲ್ಲಿಯೇ ಹಳೆಯ ಪರಂಪರೆಯಿದೆ. ಹೋಟೆಲನ್ನು ಕಟ್ಟಿದ ಸ್ಕಾಟ್ ಅವರು ಅನೇಕ ಹಳೆಯ ಚರ್ಚುಗಳನ್ನು ತಮಗೆ ಸರಿತೋರಿದ ಪ್ರಾಚೀನ ರೂಪಕ್ಕೆ ತಿದ್ದಿಬಿಟ್ಟರೆಂದು ಕವಿ ವಿಲಿಯಂ ಮಾರಿಸ್ ಅವರು ಕೋಪಗೊಂಡು, ೧೮೭೭ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯದನ್ನು ಅಳಿಸಿ ಹೊಸದೊಂದು ಹಳೆಯದನ್ನು ಕಲ್ಪಿಸಬಾರದು, ದಿನದಿನದ ಆರೈಕೆಯಿಂದ ಇದ್ದುದನ್ನು ಕಾಪಾಡಬೇಕು ಎಂಬುದು ಅವರ ವಾದದ ಸಾರ. ಈ ವಾದದಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಬೇಕು. ಸಂಪಾದಕನು ಕವಿಗಿಂತ ಚೆನ್ನಾಗಿ ಬರೆಯಲು ಹೊರಟರೆ ಗ್ರಂಥವು ಕೆಡುತ್ತದೆ.

ಇದಕ್ಕೆ ಸಮಾಧಾನವೇನೆಂದರೆ: ಸೇಂಟ್ ಪ್ಯಾಂಕ್ರಾಸಿನಲ್ಲಿ ಉಳಿಸಿಕೊಂಡುದು ಬರಿಯ ದ್ರವ್ಯವನ್ನಲ್ಲ, ಬರಿಯ ಆಕಾರವನ್ನೂ ಅಲ್ಲ, ಅಂಗಾಂಗಗಳ ಅನ್ವಯವನ್ನು. ಪೀಪಾಯಿಯಿಂದ ಕಂಬ, ಕಂಬದಿಂದ ತೊಲೆ, ತೊಲೆಯಿಂದ ಕಮಾನು ಎಂಬ ಸಂಬಂಧವು ಅಲ್ಲಿ ಇಂದಿಗೂ ಕೆಟ್ಟಿಲ್ಲ. ಪೀಪಾಯಿಗಳು ಹೋದುವು, ಅವುಗಳ ಅಳತೆಯು ಹೋಗಲಿಲ್ಲ. ಅಂಗಡಿಗಳ ನಡುವಿನ ಕಂಬಗಳನ್ನು ಎಣಿಸುತ್ತ ನಡೆಯುವವರು ತಿಳಿದೋ ತಿಳಿಯದೆಯೋ ಅದೇ ೧೪ ಅಡಿ ೮ ಅಂಗುಲಗಳನ್ನು ಅಳೆಯುತ್ತಾರೆ. ಹೊಸದಾಗಿ ಸೇರಿಸಿದುದು ಹೊಸದೆಂದೇ ತೋರುವಂತೆ ಬೇರೆಯಾಗಿ ನಿಂತಿರುವುದರಿಂದ ಮಾರಿಸ್ ಅವರು ಹೆದರಿದ ಸುಳ್ಳು ಇಲ್ಲಿ ನುಸುಳಿಲ್ಲ.

ಶಾಸನಕಾರರ ಎರಡನೆಯ ಅಭಿಪ್ರಾಯಕ್ಕೂ ಇಲ್ಲಿ ನಿದರ್ಶನವು ದೊರೆಯುತ್ತದೆ. ೧೯೬೭ರಲ್ಲಿ ದೊರೆತ ರಕ್ಷಣೆಯು ದತ್ತಿಯಿಲ್ಲದ ದೇವಾಲಯದಂತಿದ್ದಿತು. ಗಾಡಿಗಳು ಮತ್ತೆ ಬಂದಾಗ, ಉಗ್ರಾಣವು ಮತ್ತೆ ಉತ್ಪತ್ತಿಯನ್ನು ಕೊಡುವ ಸ್ಥಳವಾದಾಗ, ಛಾವಣಿಗೆ ನಾಳಿನ ಬಣ್ಣವೂ ನಾಡಿದ್ದಿನ ಗಾಜೂ ಒದಗುವ ದಾರಿಯು ತೆರೆಯಿತು. ಕಮಾನನ್ನು ಬಿಗಿದಿಟ್ಟಿರುವುದು ನೆಲ. ಅದನ್ನು ಪೋಷಿಸುತ್ತಿರುವುದೂ ನೆಲವೇ. ಹಳೆಯ ಕಟ್ಟಡವೊಂದನ್ನು ಉಳಿಸಬೇಕೆಂದು ಹೊರಡುವವರು ಅದರ ಶಿಖರವನ್ನು ನೋಡಿ ಮೆಚ್ಚುವುದಕ್ಕೆ ಮೊದಲು, ಅದು ಯಾವುದರ ಮೇಲೆ ನಿಂತಿದೆ, ಯಾವುದರಿಂದ ಬದುಕುತ್ತಿದೆ ಎಂಬುದನ್ನು ವಿಚಾರಿಸುವುದು ಅವಶ್ಯಕ.

ನಿಲ್ದಾಣದ ಕಟ್ಟೆಯ ಮೇಲೆ ಕವಿ ಬೆಟ್ಜಮನ್ನರ ಕಂಚಿನ ಪ್ರತಿಮೆಯನ್ನು ೨೦೦೭ರಲ್ಲಿ ಇಟ್ಟಿದ್ದಾರೆ. ಶಿಲ್ಪಿ ಮಾರ್ಟಿನ್ ಜೆನಿಂಗ್ಸ್ ಅವರು ಅವರನ್ನು ಟೋಪಿಯನ್ನು ಹಿಡಿದುಕೊಂಡು ಛಾವಣಿಯನ್ನು ತಲೆಯೆತ್ತಿ ನೋಡುತ್ತಿರುವಂತೆ ರೂಪಿಸಿದ್ದಾರೆ. ಅವರ ಕಾಲ ಕೆಳಗಿರುವುದು ಆ ಛಾವಣಿಯನ್ನು ಹಿಡಿದಿಟ್ಟಿರುವ ನೆಲ.